ಮನೆಗೊಂದು ಮಡಚುವ ಕಪಾಟು

ಮನೆಯೆಂದ ಮೇಲೆ ಸಾಮಾನು ಇದ್ದದ್ದೇ. ಸಾಮಾನು ಇದ್ದ ಮೇಲೆ ಅದನ್ನು ಎಲ್ಲಿಡಬೇಕೆಂಬ ಚಿಂತೆಯೂ ಇದ್ದದ್ದೇ. ನಾಲ್ಕು ಮಂದಿ ಗೃಹಿಣಿಯರು ಸೇರಿದ ಕಡೆ ಮಕ್ಕಳ ವಿದ್ಯಾಭ್ಯಾಸ, ನಲ್ಲಿ ನೀರಿನ ತಾಪತ್ರಯಗಳ ತರುವಾಯ ಮಾತು ಬಂದು ನಿಲ್ಲುವುದು ಇಲ್ಲಿಗೇ. "ಇಡುವುದಕ್ಕೆ ಜಾಗವಿಲ್ಲ" ಎಂಬ ಈ ಮಾತನ್ನು ನಾವೂ ನಮ್ಮ ಮನೆಯಲ್ಲಿ ಬಹುಕಾಲ ಕೇಳುತ್ತ ಬಂದವರೇ. ಅದಕ್ಕೆ ಕೊನೆಗೆ ನಮಗೆ ದೊರೆತ ಪರಿಹಾರವನ್ನೂ, ಆ ಪರಿಹಾರ ದೊರೆಯುವ ಮುನ್ನ ನಾವು ತಂದುಕೊಂಡ ಅವಘಡವನ್ನೂ ಓದುಗ ಬಂಧುಗಳ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಹಿರಿಯರ ಮನೆಗಳಲ್ಲಿ ಕಪಾಟೆಂಬ ವಸ್ತು ಪ್ರತ್ಯೇಕವಾಗಿ ಇರಲೇ ಇಲ್ಲವೆಂದರೆ ಇಂದಿನ ಮಕ್ಕಳು ನಂಬಲಾರರು. ಮನೆಯೇ ಕಪಾಟಾಗಿತ್ತು. ದಪ್ಪ ಮಣ್ಣಿನ ಗೋಡೆಯಲ್ಲಿ ಬಿಟ್ಟ ಗೂಡುಗಳಲ್ಲಿ ದೀಪ, ವಿಭೂತಿಗಟ್ಟಿ, ಎಣ್ಣೆಯ ಗಿಂಡಿ, ಗೋಡೆಯಿಂದ ಹೊರಚಾಚಿದ ಮರದ ತೋಳುಗಳ ಮೇಲೆ ಹಲಗೆ ಹಾಸಿದ ನಾಗಂದಿಗೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳು, ಅಡುಗೆಮನೆಯ ಮೂಲೆಯಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಏರಿ ನಿಂತ ಮಡಕೆಗಳ ಅಡಕಲು, ಬಟ್ಟೆಗೆ ಬಿದಿರಿನ ಗಳ, ಧಾನ್ಯಕ್ಕೆ ಕಣಜ, ಇನ್ನುಳಿದುದಕ್ಕೆಲ್ಲ ಅಟ್ಟ. ಇವೆಲ್ಲಕ್ಕಿಂತ ಜಾಣತನದ್ದು ನೆಲವು. ಸೂರಿನ ತೊಲೆಯಿಂದ ಇಳಿಬಿಟ್ಟ ಆ ಹಗ್ಗದ ಜೋಲಿಯಲ್ಲಿ ಹಾಲು, ಮೊಸರು, ಬೆಣ್ಣೆ ಬೆಕ್ಕಿಗೂ ಇರುವೆಗೂ ಎಟುಕದಂತೆ ತೂಗುತ್ತಿದ್ದವು. ಗಡಿಗೆಯನ್ನು ಕೆಳಗಿಳಿಸಿದೊಡನೆ ನೆಲವು ಒಂದು ಹಿಡಿ ಹಗ್ಗವಾಗಿ ಮುಷ್ಟಿಯಲ್ಲಿ ಅಡಗಿಬಿಡುತ್ತಿತ್ತು. ಮಡಚಿಡುವ ಸಲಕರಣೆಯೆಂಬುದು ಹೊರದೇಶದಿಂದ ಬಂದ ಹೊಸ ವಿದ್ಯೆಯೇನೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟಲಿಂಗವನ್ನು ಕರಡಿಗೆಯಲ್ಲಿ ಎದೆಯ ಮೇಲೆಯೇ ಧರಿಸುವ ನಮ್ಮವರಿಗೆ ದೇವರಿಗಾಗಿ ದೊಡ್ಡದೊಂದು ಕೋಣೆ ಇರಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ದಾಸೋಹದ ಕೊಳಗ, ತಪ್ಪಲೆ, ಪರಾತಗಳ ಮಾತು ಬೇರೆ. ವರ್ಷಕ್ಕೆ ಎರಡು ಬಾರಿ ಹೊರಬರುವ ಆ ಪಾತ್ರೆಗಳು ಉಳಿದ ದಿನಗಳಲ್ಲಿ ಎಲ್ಲಿ ಕುಳಿತಿರಬೇಕೆಂಬುದನ್ನು ಹಳೆಯ ಮನೆಗಳು ಯಾರೂ ಕೇಳದೆಯೇ ತೀರ್ಮಾನಿಸಿದ್ದವು. ಅವುಗಳಿಗೆ ಅಟ್ಟವಿತ್ತು.

ಮೈಸೂರಿನ ಮನೆಗಳ ಸ್ವರೂಪ ಬದಲಾಗತೊಡಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಿಂದ. ಪ್ಲೇಗಿನ ಹಾವಳಿಯಿಂದ ತತ್ತರಿಸಿದ್ದ ಊರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳ ಬದಲು ಅಗಲವಾದ ಬೀದಿಗಳುಳ್ಳ ಹೊಸ ಬಡಾವಣೆಗಳು ಎದ್ದವು. ಗಾಳಿ ಬೆಳಕು ಬಂದವು. ಅದು ಬಹಳ ಒಳ್ಳೆಯದೇ ಆಯಿತು. ಮುಂದೆ ಊರು ಬೆಳೆದಂತೆ ನಿವೇಶನಗಳು ೩೦ ಅಡಿಗೆ ೪೦ ಅಡಿ, ೨೦ ಅಡಿಗೆ ೩೦ ಅಡಿಗಳಿಗೆ ಇಳಿದವು. ಒಂದು ಮೊಳ ದಪ್ಪದ ಗೋಡೆ ಒಂದು ಗೇಣಿಗೆ ಬಂದಿತು, ಗೂಡುಗಳು ಮಾಯವಾದವು. ಹೆಂಚಿನ ಸೂರಿನೊಡನೆ ಅಟ್ಟವೂ ಹೋಗಿ, ಕೋಣೆಯೊಂದಕ್ಕೆ ಎರಡಡಿ ಅಗಲದ ಸಿಮೆಂಟಿನ ಸಜ್ಜ ಉಳಿಯಿತು. ಸಾಮಾನು ಮಾತ್ರ ಕಡಿಮೆಯಾಗಲಿಲ್ಲ.

ನಮ್ಮ ಸೋದರತ್ತೆಯವರು ಕೃಷ್ಣಮೂರ್ತಿಪುರದ ಹಳೆಯ ಮನೆಯೊಂದರಲ್ಲಿ ನಲವತ್ತು ವರ್ಷಕ್ಕೂ ಮೀರಿ ಸಂಸಾರ ಮಾಡಿದವರು. ಆ ಮನೆ ಪಾಲಾಗಿ ಮಾರಾಟವಾದ ಮೇಲೆ ಕುವೆಂಪುನಗರದಲ್ಲಿ ಎರಡು ಕೋಣೆಗಳ ನಮ್ಮ ಮಹಡಿ ಮನೆಗೆ ಬಂದು ನಮ್ಮೊಡನೆಯೇ ನೆಲೆಸಿದರು. ಅವರೊಂದಿಗೆ ಮೂರು ಕಬ್ಬಿಣದ ಪೆಟ್ಟಿಗೆಗಳು, ಹಿತ್ತಾಳೆ ಪಾತ್ರೆಗಳ ಒಂದು ಮೂಟೆ, ಉಪ್ಪಿನಕಾಯಿಯ ಜಾಡಿಗಳು ಹಾಗೂ ಹಳೆಯ ಅಟ್ಟದಿಂದ ಬಿಚ್ಚಿದ ನಾಲ್ಕು ತೇಗದ ತೊಲೆಗಳು ಬಂದವು. ತೊಲೆಗಳೇಕೆಂದು ನಾವು ಕೇಳಲಿಲ್ಲ. ಅವರು ಹೇಳಲೂ ಇಲ್ಲ. ಪೆಟ್ಟಿಗೆಗಳಲ್ಲಿದ್ದುದು ದಸರೆಯ ಗೊಂಬೆಗಳು.

ಗೊಂಬೆ ಕೂರಿಸುವುದು ನಮ್ಮ ಸಮಾಜದ ಎಲ್ಲ ಮನೆಗಳ ಪದ್ಧತಿಯಲ್ಲ. ಆದರೆ ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಊರಿನ ಹಬ್ಬ, ಮಕ್ಕಳ ಹಬ್ಬ. ಅರಮನೆಯಲ್ಲಿಯೇ ಗೊಂಬೆ ತೊಟ್ಟಿಯೆಂಬ ಭಾಗವಿರುವುದನ್ನು ದಸರೆಗೆ ಹೋದವರೆಲ್ಲ ಕಂಡಿದ್ದಾರೆ. ಮದುವೆಯಲ್ಲಿ ಮಗಳಿಗೆ ರಾಜ ರಾಣಿಯರ ಪಟ್ಟದ ಗೊಂಬೆಗಳನ್ನು ಕೊಟ್ಟು ಕಳುಹಿಸುವುದು ಇಲ್ಲಿನ ಹಳೆಯ ರೂಢಿ. ನವರಾತ್ರಿಯ ಮೊದಲ ದಿನ ಮೆಟ್ಟಿಲುಗಳ ಮೇಲೆ ಬಿಳಿಯ ಬಟ್ಟೆ ಹಾಸಿ ಆ ಜೋಡಿಯನ್ನು ಎಲ್ಲಕ್ಕೂ ಮೇಲೆ ಕೂರಿಸಿ, ಉಳಿದ ಗೊಂಬೆಗಳನ್ನು ಕೆಳಗೆ ಜೋಡಿಸುತ್ತಾರೆ. ಮೆಟ್ಟಿಲುಗಳ ಸಂಖ್ಯೆ ಮೂರೋ, ಐದೋ, ಏಳೋ, ಒಂಬತ್ತೋ ಬೆಸವಾಗಿರಬೇಕೆಂಬುದು ನಿಯಮ. ನಮ್ಮ ಸೋದರತ್ತೆಯವರಿಗೆ ಅವರ ತಾಯಿ ಕೊಟ್ಟ ಜೋಡಿ ಇತ್ತು. ಅದರ ಜೊತೆಗೆ ವರ್ಷ ವರ್ಷ ಸೇರಿಸಿದ ಮಣ್ಣಿನ, ಮರದ, ಕಾಗದದ ಗೊಂಬೆಗಳಿದ್ದವು.

ಮೂರು ಪೆಟ್ಟಿಗೆಗಳೂ ನಡುಮನೆಯಲ್ಲಿ ಒಂದರ ಮೇಲೊಂದು ಕುಳಿತವು. ಓಡಾಡುವವರ ಕಾಲಿಗೆ ಎಡವಿದವು. ಮನೆಯ ಕಿರಿಯರು ಯಾರೋ ಒಂದು ದಿನ, "ಇವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡೋಣ, ಪಾತ್ರೆಗಳನ್ನು ತೂಕಕ್ಕೆ ಹಾಕೋಣ" ಎಂದರು. ಸೋದರತ್ತೆಯವರು "ನಿಮ್ಮಿಷ್ಟ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ವರ್ಷದ ದಸರೆಯಲ್ಲಿ ಪೆಟ್ಟಿಗೆಗಳ ಬೀಗ ತೆರೆಯಲಿಲ್ಲ. ಮುಂದಿನ ವರ್ಷವೂ ತೆರೆಯಲಿಲ್ಲ. ಕೇಳಿದರೆ, "ಮೆಟ್ಟಿಲು ಹಾಕಲು ಜಾಗವೆಲ್ಲಿದೆ?" ಎಂಬ ಉತ್ತರ. ಅದು ನಿಜವೂ ಆಗಿತ್ತು. ಆದುದರಿಂದಲೇ ನಮಗೆ ಹೆಚ್ಚು ನೋವಾಯಿತು.

ಆಗ ನಮಗೆ ಹೊಳೆದದ್ದು ಮಡಚುವ ಕಪಾಟು. ಬೇಕಾದಾಗ ನಿಲ್ಲಿಸಿಕೊಂಡು ಡಬ್ಬಿ ಜಾಡಿಗಳನ್ನು ಗೋಡೆಯ ಎತ್ತರಕ್ಕೆ ಏರಿಸಿದರೆ ನೆಲ ಖಾಲಿಯಾಗುತ್ತದೆ. ನಂಟರಿಷ್ಟರು ಬಂದಾಗ ಮಡಚಿ ಬಾಗಿಲ ಹಿಂದೆ ಇಟ್ಟರೆ ನಡುಮನೆಯೂ ಸಿಗುತ್ತದೆ. ಈ ಲೆಕ್ಕಾಚಾರದಲ್ಲಿ ಪೇಟೆಯಿಂದ ಒಂದನ್ನು ಕೊಂಡು ತಂದೆವು. ಅದರ ಪ್ರತಿಯೊಂದು ಹಲಗೆಯ ಎರಡು ತುದಿಗಳೂ ನಿಲುವುಗಳಿಗೆ ಕೀಲಿನಿಂದ ಸೇರಿದ್ದವು. ಇಡೀ ಚೌಕಟ್ಟನ್ನು ಒಂದು ಪಕ್ಕಕ್ಕೆ ತಳ್ಳಿದರೆ ಹಲಗೆಗಳೂ ನಿಲುವುಗಳೂ ಒಂದಕ್ಕೊಂದು ಅಂಟಿಕೊಂಡು ಪುಸ್ತಕದಂತೆ ಮುಚ್ಚಿಕೊಳ್ಳುತ್ತಿತ್ತು. ನೋಡಲು ಬಹಳ ಸೊಗಸು. ತೆರೆದಾಗ ಹಾಗೆ ಮುಚ್ಚಿಕೊಳ್ಳದಂತೆ ತಡೆಯಲು ಹಿಂಬದಿಯಲ್ಲಿ ಓರೆಯಾಗಿ ಒಂದು ತಂತಿಯ ಕೊಕ್ಕೆ. ಆ ಕೊಕ್ಕೆಯನ್ನು ಹಿಡಿದಿದ್ದುದು ಹಲಗೆಯ ಅಂಚಿಗೆ ತಿರುಗಿಸಿದ ಅರ್ಧ ಅಂಗುಲದ ಒಂದು ತಿರುಪು.

ನಾಲ್ಕು ತಿಂಗಳು ಅದು ನಿಂತಿತು. ಒಂದು ಮಧ್ಯಾಹ್ನ ಮೊಮ್ಮಗ ಕೆಳಗಿನ ಹಲಗೆಯಿಂದ ಬೆಲ್ಲದ ಡಬ್ಬಿಯನ್ನು ಎಳೆದ. ತಿರುಪು ಕಿತ್ತು ಬಂದಿತು. ಕಪಾಟು ನಿಧಾನವಾಗಿ ಎಡಕ್ಕೆ ವಾಲಿತು, ಅನಂತರ ನಿಧಾನವಾಗಿರಲಿಲ್ಲ. ಮೂರು ಜಾಡಿ ಮಾವಿನಕಾಯಿ ಉಪ್ಪಿನಕಾಯಿ, ಎಣ್ಣೆಯ ಡಬ್ಬಿ, ಹಿತ್ತಾಳೆಯ ಕೊಳಗ ಎಲ್ಲವೂ ನೆಲಕ್ಕೆ ಬಂದವು. ಕೊಳಗ ಮಗುವಿನ ಪಾದದಿಂದ ಒಂದು ಗೇಣಿನ ದೂರದಲ್ಲಿ ಬಿದ್ದಿತು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ಒಂದು ಗೇಣು ನಮ್ಮ ಕಣ್ಣಿನಿಂದ ಇಂದಿಗೂ ಹೋಗಿಲ್ಲ.

ಮಾರಿದವರನ್ನು ದೂರಿ ಪ್ರಯೋಜನವಿರಲಿಲ್ಲ. ಬಟ್ಟೆಬರೆ ಇಡುವುದಕ್ಕೆ ಮಾಡಿದ ವಸ್ತುವಿನ ಮೇಲೆ ನಾವು ಕೊಳಗ ಏರಿಸಿದ್ದೆವು. ಆದರೂ ಅದು ಬಿದ್ದ ಕಾರಣ ತಿಳಿಯಬೇಕೆಂದು, ಹಿಂದೆ ನಮ್ಮ ಮನೆಗೆ ಬಾಗಿಲುಗಳನ್ನು ಮಾಡಿಕೊಟ್ಟಿದ್ದ ವೃದ್ಧ ಬಡಗಿಯೊಬ್ಬರನ್ನು ಕರೆತಂದೆವು. ಅವರು ಮುರಿದ ಕಪಾಟನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಆಡಿಸಿ ನೋಡಿ, ಮಾತಾಡದೆ ಒಳಗಿನ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಪುರಾಣದ ಪುಸ್ತಕ ಇಡುವ ಹಳೆಯ ವ್ಯಾಸಪೀಠವಿತ್ತು.

ವ್ಯಾಸಪೀಠವನ್ನು ನಾವೆಲ್ಲ ದಿನವೂ ಕಾಣುತ್ತೇವೆ. ಅದು ಹೇಗೆ ಮಾಡಿದ್ದೆಂದು ಯೋಚಿಸುವುದಿಲ್ಲ. ಒಳ್ಳೆಯ ವ್ಯಾಸಪೀಠ ಒಂದೇ ಹಲಗೆಯಿಂದ ಹುಟ್ಟುತ್ತದೆ. ಹಲಗೆಯ ದಪ್ಪವನ್ನು ಎರಡು ತುದಿಗಳಿಂದಲೂ ಸೀಳುತ್ತ ಬಂದು, ನಡುವಿನಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಗೆಣ್ಣುಗಳನ್ನು ಕೊರೆಯುತ್ತಾರೆ. ಮೊಳೆಯಿಲ್ಲ, ಕಬ್ಬಿಣದ ಕೀಲಿಲ್ಲ. ಬಿಡಿಸಿದರೆ ಕತ್ತರಿಯಂತೆ ತೆರೆದು ಒಂದು ಹದಕ್ಕೆ ಬಂದೊಡನೆ ಗೆಣ್ಣಿನ ಅಂಚು ಅಂಚಿಗೆ ತಾಗಿ ನಿಲ್ಲುತ್ತದೆ. ಮೇಲೆ ಇಟ್ಟ ಪುಸ್ತಕ ಎಷ್ಟು ಭಾರವೋ ಅಷ್ಟು ಬಿಗಿಯಾಗಿ ಅದು ತೆರೆದೇ ಇರುತ್ತದೆ. ಬಡಗಿಯವರು ಅದರ ಮೇಲೆ ಎರಡೂ ಕೈ ಊರಿ ಒತ್ತಿ ತೋರಿಸಿ, "ಇದು ಭಾರಕ್ಕೆ ತೆರೆದುಕೊಳ್ಳುತ್ತದೆ, ನಿಮ್ಮದು ಭಾರಕ್ಕೆ ಮುಚ್ಚಿಕೊಳ್ಳುತ್ತದೆ" ಎಂದರು. ಮಡಚುವ ಕಪಾಟಿನ ಶಾಸ್ತ್ರವೆಲ್ಲ ಇಷ್ಟೇ ಎಂದು ನಮಗೆ ಅನಂತರ ಅನ್ನಿಸಿದೆ. ಓದುಗರು ಯಾವುದೇ ಮಡಚುವ ಸ್ಟ್ಯಾಂಡನ್ನು ಕೊಳ್ಳುವ ಮುನ್ನ ಅದನ್ನು ಬಿಡಿಸಿ ನಿಲ್ಲಿಸಿ, ಮೇಲಿನಿಂದ ಕೈ ಊರಿ ಪಕ್ಕಕ್ಕೆ ಮೆಲ್ಲನೆ ತಳ್ಳಲಿ. ಅದು ಮಡಚಿಕೊಳ್ಳಲು ಹವಣಿಸಿದರೆ, ಅದನ್ನು ತಡೆದಿರುವುದು ಯಾವುದೋ ಒಂದು ಸಣ್ಣ ತಿರುಪು ಎಂದು ತಿಳಿಯಲಿ.

ಅಂಗಡಿಗಳಲ್ಲಿ ಕಾಣುವ ಕಬ್ಬಿಣದ ರ್‍ಯಾಕುಗಳ ವಿಚಾರವನ್ನೂ ಕೇಳಿದೆವು. ಉದ್ದಕ್ಕೂ ತೂತುಗಳಿರುವ ಆ ಮೂಲೆಪಟ್ಟಿಯ ಹಿಂದೆ ಒಂದು ಕಥೆಯಿದೆ. ಆಸ್ಟ್ರೇಲಿಯಾದಲ್ಲಿ ಗ್ರೀಕ್ ಕುಟುಂಬದಲ್ಲಿ ಹುಟ್ಟಿದ ಡಿಮೆಟ್ರಿಯಸ್ ಕೊಮಿನೊ ಎಂಬ ಇಂಜಿನಿಯರು ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದರು. ಕೆಲಸ ಬದಲಾದಂತೆಲ್ಲ ಕಾಗದ ಇಡುವ ಕಪಾಟುಗಳನ್ನು ಒಡೆದು ಹೊಸದಾಗಿ ಮಾಡಿಸಬೇಕಾಗುತ್ತಿದ್ದ ನಷ್ಟವನ್ನು ಕಂಡು, ಎಲ್ಲಿ ಬೇಕಾದರೂ ಬೋಲ್ಟು ಹಾಕಬಹುದಾದ ಈ ತೂತಿನ ಪಟ್ಟಿಯನ್ನು ಅವರು ಯೋಚಿಸಿದರು. ೧೯೪೭ರಲ್ಲಿ ಅದು ಡೆಕ್ಸಿಯಾನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಗೋದಾಮು, ಕಿರಾಣಿ ಅಂಗಡಿ, ಪುಸ್ತಕ ಭಂಡಾರಗಳಿಗೆ ಇದಕ್ಕಿಂತ ಗಟ್ಟಿಯಾದುದು ದುರ್ಲಭ. ಆದರೆ ಒಂದು ರ್‍ಯಾಕಿಗೆ ಹತ್ತಾರು ನಟ್ಟು ಬೋಲ್ಟುಗಳು. ಬಿಚ್ಚುವುದಕ್ಕೆ ಅರ್ಧ ದಿನ, ಕಟ್ಟುವುದಕ್ಕೆ ಅರ್ಧ ದಿನ. ಬಿಚ್ಚಬಹುದಾದದ್ದೆಲ್ಲ ಮಡಚುವಂಥದಲ್ಲ.

ಇನ್ನು ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ತುಂಬಿ ಮಾರುವ ಪೀಠೋಪಕರಣಗಳು. ೧೯೫೬ರಲ್ಲಿ ಸ್ವೀಡನ್ನಿನ ಐಕಿಯಾ ಸಂಸ್ಥೆಯ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬುವರು ಕಾರಿನೊಳಗೆ ಹಿಡಿಸದ ಮೇಜಿನ ಕಾಲುಗಳನ್ನು ಬಿಚ್ಚಿ ಸಾಗಿಸಿದ್ದು ಈ ಪದ್ಧತಿಗೆ ನಾಂದಿಯಾಯಿತೆಂಬ ಸಂಗತಿ ಪ್ರಸಿದ್ಧವಾಗಿದೆ. ೨೦೨೨ರಲ್ಲಿ ಆ ಸಂಸ್ಥೆಯ ಮಳಿಗೆ ಬೆಂಗಳೂರಿನ ನಾಗಸಂದ್ರದಲ್ಲಿಯೂ ತೆರೆಯಿತು. ಚಪ್ಪಟೆ ಪೆಟ್ಟಿಗೆಯ ಉದ್ದೇಶ ಮುಖ್ಯವಾಗಿ ಸಾಗಾಣಿಕೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗೆ ತಿರುಗಿಸಿದ ತಿರುಪನ್ನು ಎರಡು ಮೂರು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗಿ ಹಿಡಿತ ಹೋಗುತ್ತದೆ. ವರ್ಷವರ್ಷವೂ ಬಿಚ್ಚಿ ಕಟ್ಟುವ ಮನೆಗೆ ಅಂಥ ಹಲಗೆ ಹೊಂದುವುದಿಲ್ಲ. ಬೋಲ್ಟು ಹಲಗೆಯನ್ನು ತೂರಿ ಆಚೆ ಬಂದು ನಟ್ಟಿನಲ್ಲಿ ಬಿಗಿಯಬೇಕು. ಮರಕ್ಕೆ ಕಚ್ಚಿದ ತಿರುಪನ್ನು ನಂಬಬಾರದು.

ಇಷ್ಟಾದ ಮೇಲೆ ನಮ್ಮ ಕಪಾಟಿನ ರೂಪ ತಾನಾಗಿಯೇ ತಿಳಿಯಾಯಿತು. ಸೋದರತ್ತೆಯವರ ತೇಗದ ತೊಲೆಗಳು ಕೆಲಸಕ್ಕೆ ಬಂದದ್ದು ಆಗ. ಅವುಗಳಿಂದ ಒಂದೂವರೆ ಅಂಗುಲ ಚೌಕದ ರೀಪುಗಳನ್ನು ಸೀಳಿಸಿ, ಎರಡು ಸಣ್ಣ ಏಣಿಗಳಂಥ ಚೌಕಟ್ಟುಗಳನ್ನು ಮಾಡಿಸಿದೆವು. ಪ್ರತಿ ಏಣಿಯ ಎತ್ತರ ೫ ಅಡಿ, ಅಗಲ ೧ ಅಡಿ, ಅಡ್ಡಪಟ್ಟಿಗಳು ಐದು. ಕೆಳಗಿನ ಅಡ್ಡಪಟ್ಟಿ ನೆಲದಿಂದ ೧೪ ಅಂಗುಲ ಮೇಲೆ; ಅಲ್ಲಿಂದ ಮುಂದೆ ಹನ್ನೆರಡು, ಹನ್ನೆರಡು, ಹನ್ನೊಂದು, ಹನ್ನೊಂದು ಅಂಗುಲಗಳ ಅಂತರ. ಕೆಳಗಿನ ೧೪ ಅಂಗುಲ ಬಿಟ್ಟದ್ದು ಹಠಮಾಡಿ. ಏಕೆಂದರೆ ಗೊಂಬೆಯ ಪೆಟ್ಟಿಗೆಯೊಂದರ ಎತ್ತರ ೧೨ ಅಂಗುಲ. ಅಡ್ಡಪಟ್ಟಿಗಳನ್ನು ಗೂಟ ಕೂರಿಸಿ ಗೋಂದು ಹಾಕಿ ಶಾಶ್ವತವಾಗಿ ಬಿಗಿದಿದ್ದಾರೆ. ಇವು ಮಡಚುವ ಭಾಗಗಳಲ್ಲ.

ಎರಡು ಏಣಿಗಳ ನಡುವೆ ಐದು ಹಲಗೆಗಳು. ಪ್ರತಿಯೊಂದೂ ೩ ಅಡಿ ಉದ್ದ. ಅಗಲ ಒಂಬತ್ತು ಅಂಗುಲಕ್ಕೆ ಒಂದು ನೂಲು ಕಡಿಮೆ, ಏಣಿಯ ಎರಡು ಕಾಲುಗಳ ನಡುವೆ ಸಲೀಸಾಗಿ ಕೂರುವಷ್ಟು. ದಪ್ಪ ಮುಕ್ಕಾಲು ಅಂಗುಲದ ಪ್ಲೈವುಡ್. ಹಣ ಉಳಿಸುವ ಆಸೆಯಿಂದ ಅರ್ಧ ಅಂಗುಲದ್ದು ಸಾಲದೇ ಎಂದು ನಾವು ಕೇಳಿದ್ದುಂಟು. ಇಲ್ಲಿ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಹಲಗೆಯ ದಪ್ಪವನ್ನು ಮೂರನೆಯ ಒಂದು ಭಾಗ ಕಡಿಮೆ ಮಾಡಿದರೆ ಬಾಗು ಮೂರನೆಯ ಒಂದು ಭಾಗ ಹೆಚ್ಚುವುದಿಲ್ಲ. ಮೂರು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಹಾಗೆಯೇ ಹಲಗೆಯ ಉದ್ದವನ್ನು ಎರಡು ಪಟ್ಟು ಮಾಡಿ ಅದೇ ಭಾರವನ್ನು ಹೇರಿದರೆ ಎಂಟು ಪಟ್ಟು ಬಾಗುತ್ತದೆ. ಆದುದರಿಂದ ಸಾಮಾನಿನ ಕಪಾಟಿಗೆ ಮೂರು ಅಡಿಗಿಂತ ಉದ್ದದ ಹಲಗೆ ಬೇಡ, ಮುಕ್ಕಾಲು ಅಂಗುಲಕ್ಕಿಂತ ತೆಳುವಾದುದೂ ಬೇಡ. ಬಡಗಿಯವರು ೨೫ ಕಿಲೋ ಅಕ್ಕಿಯ ಮೂಟೆಯನ್ನು ಉದ್ದಕ್ಕೆ ಮಲಗಿಸಿ, ಕೆಳಗೆ ದಾರ ಎಳೆದು ನೋಡಿದರು. ಹಲಗೆ ಒಂದು ನೂಲಿಗಿಂತ ಹೆಚ್ಚು ತಗ್ಗಲಿಲ್ಲ.

ಪ್ರತಿ ಹಲಗೆಯ ಕೆಳಮುಖದಲ್ಲಿ, ಎರಡು ತುದಿಗಳಿಂದಲೂ ಸ್ವಲ್ಪ ಒಳಗೆ, ಒಂದೊಂದು ದಪ್ಪ ರೀಪು ಬಡಿದಿದೆ. ಹಲಗೆಯನ್ನು ಅಡ್ಡಪಟ್ಟಿಗಳ ಮೇಲೆ ಇಳಿಸಿದಾಗ ಈ ರೀಪುಗಳು ಅಡ್ಡಪಟ್ಟಿಗಳ ಒಳಬದಿಗೆ ಒತ್ತಿಕೊಂಡು, ಏಣಿಗಳು ಒಳಕ್ಕೆ ಸರಿಯದಂತೆ ತಡೆಯುತ್ತವೆ. ಹಲಗೆಯ ಮೇಲೆ ಭಾರ ಹೆಚ್ಚಿದಷ್ಟೂ ಅದು ತನ್ನ ಜಾಗದಲ್ಲಿ ಬಿಗಿಯಾಗುತ್ತದೆ. ವ್ಯಾಸಪೀಠದಿಂದ ಕಲಿತ ಪಾಠ ಇದು. ಆದರೆ ಭಾರವೊಂದನ್ನೇ ನಂಬುವಂತಿಲ್ಲ. ಏಣಿಗಳು ಹೊರಕ್ಕೆ ಜಾರದಂತೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ತುದಿಗೊಂದರಂತೆ ಬೋಲ್ಟು ಇಳಿಸಿ ಚಿಟ್ಟೆ ನಟ್ಟಿನಿಂದ ಬಿಗಿಯಬೇಕು. ಚಿಟ್ಟೆ ನಟ್ಟಾದರೆ ಪಾನಾ ಬೇಡ, ಬೆರಳುಗಳೇ ಸಾಕು. ನಡುವಿನ ಮೂರು ಹಲಗೆಗಳಿಗೆ ಯಾವ ಬೋಲ್ಟೂ ಇಲ್ಲ, ಸುಮ್ಮನೆ ಕುಳಿತಿರುತ್ತವೆ.

ಪಕ್ಕಕ್ಕೆ ವಾಲುವ ಪ್ರಶ್ನೆ ಉಳಿಯಿತು. ನಾಲ್ಕು ಕೋಲುಗಳನ್ನು ಚೌಕವಾಗಿ ಕಟ್ಟಿದರೆ ಅದು ಅತ್ತಿತ್ತ ಓಲಾಡುತ್ತದೆ. ಮೂರು ಕೋಲುಗಳನ್ನು ತ್ರಿಕೋನವಾಗಿ ಕಟ್ಟಿದರೆ ಎಳೆದರೂ ಅಲುಗುವುದಿಲ್ಲ. ಶಾಲೆಯ ಹುಡುಗರೂ ಬಲ್ಲ ಸಂಗತಿ ಇದು. ಹಿಂಬದಿಯಲ್ಲಿ ಒಂದಂಗುಲ ಅಗಲದ ಎರಡು ಕಬ್ಬಿಣದ ಪಟ್ಟಿಗಳನ್ನು ಒಂದನ್ನೊಂದು ಹಾಯ್ದು ಹೋಗುವಂತೆ ಓರೆಯಾಗಿ ಕಾಲುಗಳಿಗೆ ಬೋಲ್ಟಿನಿಂದ ಸೇರಿಸಿದೆವು. ನಮ್ಮ ಅಳತೆಗೆ ಪಟ್ಟಿಯ ಎರಡು ತೂತುಗಳ ನಡುವಿನ ಉದ್ದ ಸುಮಾರು ೫ ಅಡಿ ೨ ಅಂಗುಲ ಬರುತ್ತದೆ. ಒಂದೇ ಪಟ್ಟಿ ಸಾಕಾಗದು. ತೆಳುವಾದ ಪಟ್ಟಿ ಎಳೆತವನ್ನು ತಡೆಯುತ್ತದೆಯೇ ಹೊರತು ಒತ್ತಡಕ್ಕೆ ಬಾಗಿಬಿಡುತ್ತದೆ. ಕಪಾಟು ಎಡಕ್ಕೆ ವಾಲಲು ನೋಡಿದರೆ ಒಂದು ಪಟ್ಟಿ ಎಳೆದು ಹಿಡಿಯುತ್ತದೆ, ಬಲಕ್ಕೆ ವಾಲಲು ನೋಡಿದರೆ ಇನ್ನೊಂದು. ನಮ್ಮ ಹಳೆಯ ಕಪಾಟಿನಲ್ಲಿದ್ದುದು ಒಂದೇ ಕೊಕ್ಕೆ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು.

ಮುಂದಕ್ಕೆ ಮಗುಚಿ ಬೀಳುವ ಅಪಾಯ ಇದರಿಂದ ತಪ್ಪುವುದಿಲ್ಲ. ಐದು ಅಡಿ ಎತ್ತರಕ್ಕೆ ಒಂದೇ ಅಡಿ ಆಳ. ಮಕ್ಕಳು ಹತ್ತಿದರೆ ಬೀಳದೆ ಇರದು. ಮನೆಯಲ್ಲಿ ಮಕ್ಕಳಿದ್ದರೆ ಮೇಲಿನ ಅಡ್ಡಪಟ್ಟಿಯಿಂದ ಗೋಡೆಯ ಕೊಕ್ಕೆಗೆ ಒಂದು ಸರಪಳಿ ಹಾಕಲೇಬೇಕು. ಇದನ್ನು ಮರೆಯಬಾರದೆಂದು ಕೈಮುಗಿದು ಹೇಳುತ್ತೇವೆ. ಭಾರದ ಪಾತ್ರೆಗಳು ಕೆಳಗೆ, ಹಗುರವಾದವು ಮೇಲೆ. ಗಾಜಿನ ಜಾಡಿಗಳು ಮಕ್ಕಳ ಕೈಗೆ ಎಟುಕದ, ದೊಡ್ಡವರು ಎತ್ತಿ ಇಳಿಸಲು ಕಷ್ಟಪಡದ ನಡುವಿನ ಹಲಗೆಯಲ್ಲಿ.

ಇಷ್ಟೆಲ್ಲ ಸಿದ್ಧವಾದ ಮೇಲೆ ಸೋದರತ್ತೆಯವರು ಒಂದು ಪ್ರಶ್ನೆ ಕೇಳಿದರು: "ಮಡಚಿದ ಕಪಾಟನ್ನು ಎಲ್ಲಿಡುತ್ತೀರಿ?"

ನಿಜವಾಗಿ ಈ ಪ್ರಶ್ನೆಯನ್ನು ನಾವು ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಮಡಚಿದ ವಸ್ತು ಮಾಯವಾಗುವುದಿಲ್ಲ, ಚಿಕ್ಕದಾಗುತ್ತದೆ, ಅಷ್ಟೇ. ಏಣಿಗಳೆರಡೂ ಸೇರಿ ಮೂರು ಅಂಗುಲ, ಬಾಗಿಲ ಹಿಂದೆ ಹಿಡಿಸುತ್ತವೆ. ಹಲಗೆಗಳನ್ನು ರೀಪುಗಳು ಎದುರುಬದುರಾಗುವಂತೆ, ಒಂದೂವರೆ ಅಂಗುಲ ಸರಿಸಿ ಜೋಡಿಸಿದರೆ ಐದೂ ಸೇರಿ ಸುಮಾರು ಏಳು ಅಂಗುಲ ದಪ್ಪವಾಗುತ್ತವೆ. ಸರಿಸದೆ ಇಟ್ಟರೆ ರೀಪಿನ ಮೇಲೆ ರೀಪು ಕುಳಿತು ಇನ್ನೂ ಎರಡು ಅಂಗುಲ ಹೆಚ್ಚು. ಅವು ಮಂಚದ ಕೆಳಗೆ ಹೋಗಬಹುದಿತ್ತು, ಆದರೆ ಮಂಚದ ಕೆಳಗೆ ಗೊಂಬೆಯ ಪೆಟ್ಟಿಗೆಗಳಿದ್ದವು. ಹಾಗೂ ಕಪಾಟಿನಿಂದ ಇಳಿಸಿದ ಡಬ್ಬಿ ಪಾತ್ರೆಗಳು?

ಉತ್ತರವನ್ನೂ ಅವರೇ ಕೊಟ್ಟರು. ಹಳೆಯ ಮೈಸೂರಿನ ಮನೆಗಳಲ್ಲಿ ಗೊಂಬೆಗಳಿಗೆಂದು ಮೆಟ್ಟಿಲುಗಳನ್ನು ಮಾಡಿಸಿ ಇಟ್ಟುಕೊಂಡವರು ಕೆಲವರೇ. ಉಳಿದವರು ಗೊಂಬೆಗಳನ್ನು ತೆಗೆದು ಖಾಲಿಯಾದ ಪೆಟ್ಟಿಗೆಗಳನ್ನೇ ಒಂದರ ಮೇಲೊಂದಿಟ್ಟು, ಮಣೆ ಹಲಗೆಗಳನ್ನು ಹಾಸಿ, ಮೇಲೆ ಪಂಚೆಯನ್ನು ಹೊದಿಸಿ ಮೆಟ್ಟಿಲು ಮಾಡುತ್ತಿದ್ದರು. ಹಬ್ಬ ಮುಗಿದ ಮೇಲೆ ಮೆಟ್ಟಿಲೇ ಗೊಂಬೆಗಳ ಮನೆಯಾಗುತ್ತಿತ್ತು. ಗೊಂಬೆಗಳು ಹೊರಗೆ ಬಂದಾಗ ಪೆಟ್ಟಿಗೆ ಖಾಲಿ. ಆ ಖಾಲಿ ಪೆಟ್ಟಿಗೆಯೊಳಗೆ ಕಪಾಟಿನ ಸಾಮಾನು ಹೋಗಲಿ, ಕಪಾಟಿನ ಹಲಗೆಗಳು ಪೆಟ್ಟಿಗೆಗಳ ಮೇಲೆ ಬರಲಿ ಎಂದರು ಸೋದರತ್ತೆ. ಬಡಗಿಯವರು ಕೂಡಲೇ ಪೆಟ್ಟಿಗೆಯ ಉದ್ದವನ್ನು ಅಳೆದರು. ೩೦ ಅಂಗುಲಕ್ಕೆ ಸ್ವಲ್ಪ ಕಡಿಮೆ ಇತ್ತು. ಹಲಗೆಯ ಅಡಿಯ ರೀಪುಗಳ ನಡುವೆ ಸರಿಯಾಗಿ ೩೦ ಅಂಗುಲ ಬಿಡುವಂತೆ ಅವುಗಳನ್ನು ಬಿಚ್ಚಿ ತುಸು ಸರಿಸಿ, ಮತ್ತೆ ಬಡಿದುಕೊಟ್ಟರು. ಅಡ್ಡಪಟ್ಟಿಗೆ ಬಿಗಿಯಾಗುವ ರೀಪೇ ಪೆಟ್ಟಿಗೆಯ ಎರಡು ಪಕ್ಕಗಳನ್ನೂ ಅಪ್ಪಿಕೊಂಡಿತು. ಮೆಟ್ಟಿಲು ಜಾರುವ ಭಯವೇ ಇಲ್ಲ.

ಆ ವರ್ಷದ ನವರಾತ್ರಿಯ ಮುನ್ನಾದಿನ ಕಪಾಟನ್ನು ಬಿಚ್ಚಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಹಿಂದೆ ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಒಂದು ಹಲಗೆ. ಅದರ ಮುಂದೆ ಮೂರನೆಯ ಪೆಟ್ಟಿಗೆ, ಅದಕ್ಕೊಂದು ಹಲಗೆ. ಎಲ್ಲಕ್ಕೂ ಮುಂದೆ ಊಟದ ಮಣೆಗಳ ಮೇಲೆ ಎರಡು ಹಲಗೆ ಪಕ್ಕಪಕ್ಕದಲ್ಲಿ. ಮೂರು ಮೆಟ್ಟಿಲು ಆಯಿತು. ಉಳಿದ ಐದನೆಯ ಹಲಗೆಯ ಮೇಲೆ ಮೊಮ್ಮಗ ರಾಗಿ ಮೊಳಕೆಯ ತೋಟವನ್ನು ಮಾಡಿದ. ಪಟ್ಟದ ಗೊಂಬೆಗಳ ಮುಖದ ಬಣ್ಣ ಒಂದು ಕಡೆ ಸ್ವಲ್ಪ ಎದ್ದಿತ್ತು. ಎರಡು ವರ್ಷ ಬಿಚ್ಚದೆ ಇಟ್ಟದ್ದಕ್ಕೆ ಒಳಗೆ ತೇವ ಹಿಡಿದಿತ್ತು. ಸೋದರತ್ತೆಯವರು ಅದನ್ನು ಹತ್ತಿ ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ಕುಳಿತಿದ್ದರು. ನಾವು ಏನೂ ಕೇಳಲಿಲ್ಲ.

ಅನುಭವದಿಂದ ಎರಡು ಮಾತು ಸೇರಿಸಬೇಕು. ದಿನಬಳಕೆಯ ಸಾಮಾನನ್ನು ಪೆಟ್ಟಿಗೆಗೆ ತುಂಬಬಾರದು. ಮೊದಲ ವರ್ಷ ಸಾಸಿವೆಯ ಡಬ್ಬಿ ರಾಜ ರಾಣಿಯರ ಕೆಳಗಿನ ಪೆಟ್ಟಿಗೆಗೆ ಹೋಗಿಬಿಟ್ಟು, ಒಂಬತ್ತು ದಿನ ಪಕ್ಕದ ಮನೆಯಿಂದ ಸಾಸಿವೆ ತರಬೇಕಾಯಿತು. ಎರಡನೆಯದಾಗಿ, ಬಿಚ್ಚಿದ ಬೋಲ್ಟು ನಟ್ಟುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಏಣಿಯ ಅಡ್ಡಪಟ್ಟಿಗೇ ಕಟ್ಟಬೇಕು. "ಇಲ್ಲೇ ಎಲ್ಲೋ ಇಟ್ಟಿದ್ದೆ" ಎಂಬ ಮಾತು ಕಪಾಟನ್ನು ಮತ್ತೆ ನಿಲ್ಲಿಸಲಾರದು. ಗೊಂಬೆಗಳನ್ನು ಹಿಂದಿಡುವಾಗ ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಎಲೆಗಳನ್ನು ಹಾಕಿ, ಮಳೆಗಾಲ ಕಳೆದ ಮೇಲೊಮ್ಮೆ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ಗಾಳಿಯಾಡಿಸುವುದು ಕ್ಷೇಮ.

ಖರ್ಚಿನ ವಿಚಾರ. ಮರ ನಮ್ಮದೇ ಆದುದರಿಂದ ಪ್ಲೈವುಡ್, ಕಬ್ಬಿಣದ ಪಟ್ಟಿ ಹಾಗೂ ಕೂಲಿ ಸೇರಿ ಉಕ್ಕಿನ ಸಾಧಾರಣ ಬೀರುವಿಗಿಂತ ಎಷ್ಟೋ ಕಡಿಮೆಗೆ ಮುಗಿಯಿತು. ಹಳೆಯ ತೊಲೆ ಇಲ್ಲದವರು ಹಲಸಿನ ರೀಪುಗಳನ್ನು ಉಪಯೋಗಿಸಬಹುದು. ಗಂಟಿಲ್ಲದ, ಚೆನ್ನಾಗಿ ಒಣಗಿದ ಮರವಾಗಿರಬೇಕು, ಇಲ್ಲವಾದರೆ ಏಣಿ ಒಂದು ಬೇಸಿಗೆಯಲ್ಲಿ ತಿರುಚಿಕೊಂಡು ಹಲಗೆ ಕೂರದಂತಾಗುತ್ತದೆ. ಗೊಂಬೆಗಳಿಲ್ಲದ ಮನೆಯವರು ತಮ್ಮಲ್ಲಿರುವ ಪೆಟ್ಟಿಗೆ, ಮಂಚ, ಬೆಂಚುಗಳನ್ನು ಅಳೆದು ಅದಕ್ಕೆ ರೀಪುಗಳನ್ನು ಹೊಂದಿಸಿಕೊಳ್ಳಲಿ. ಅದೇ ಹಲಗೆಗಳು ಪಂಕ್ತಿಯ ಊಟಕ್ಕೆ ಬೆಂಚಾಗಬಹುದು, ಬೇಸಿಗೆಯಲ್ಲಿ ಮಹಡಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವ ಮೇಜಾಗಬಹುದು. ನಮ್ಮ ಮನೆಯ ಹಲಗೆಗಳ ಮೇಲೆ ಸಂಡಿಗೆಯ ಗುರುತು ಈಗಲೂ ಇದೆ.

ಮೊದಲ ವರ್ಷ ವಿಜಯದಶಮಿಯ ರಾತ್ರಿ ಸೋದರತ್ತೆಯವರು ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಸುತ್ತಿ ಪೆಟ್ಟಿಗೆಗೆ ಹಾಕಿದರು. ಒಂದು ಪೆಟ್ಟಿಗೆ ಕಪಾಟಿನ ಕೆಳಗೆ, ಎರಡು ಮಂಚದ ಕೆಳಗೆ ಹೋದವು. ಡಬ್ಬಿಗಳು ಮೇಲೇರಿದವು, ಸರಪಳಿಯನ್ನು ಕೊಕ್ಕೆಗೆ ಹಾಕಿದೆವು. ಚನ್ನಪಟ್ಟಣದ ಒಂದು ಸಣ್ಣ ಗೊಂಬೆಯನ್ನು ಮಾತ್ರ ಅವರು ಒಳಗೆ ಹಾಕಲಿಲ್ಲ. ಅದು ಮೇಲಿನ ಹಲಗೆಯ ಬಲಮೂಲೆಯಲ್ಲಿ ನಿಂತಿದೆ. ಕಾಫಿ ಪುಡಿಯ ಡಬ್ಬಿಗೆ ಅದೇ ಸರಿಯಾದ ಜಾಗವೆಂದು ನಾವು ಎರಡು ಸಲ ಹೇಳಿ ನೋಡಿದೆವು, ಅವರು ಒಪ್ಪಲಿಲ್ಲ.